ವೇಷ ಅವರದು, ಮಾತು ಯಾರದು?



ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಈ ಸೀಮೆಯಲ್ಲಿ ಗತಿಸಿದ ಮಹಾಪುರುಷರು ಬಾಯಿ ತೆರೆಯದ ವರ್ಷವೇ ಇಲ್ಲ. ಉತ್ಸವದ ವೇದಿಕೆಯ ಮೇಲೆ ಕೃಷ್ಣದೇವರಾಯನು ಮಾತನಾಡುತ್ತಾನೆ. ಬಸವ ಜಯಂತಿಯ ಮೆರವಣಿಗೆ ಮುಗಿದ ಮೇಲೆ ಶಾಲೆಯ ಅಂಗಳದಲ್ಲಿ ಬಸವಣ್ಣನವರೂ ಬಿಜ್ಜಳನೂ ಎದುರುಬದುರು ನಿಂತು ವಾದಿಸುತ್ತಾರೆ. ಜಾತ್ರೆಯ ರಾತ್ರಿ ಕುಮಾರರಾಮನು ಕತ್ತಿ ಹಿರಿದು ಬೆಳಗಿನ ಜಾವದವರೆಗೆ ಕುಣಿಯುತ್ತಾನೆ. ಹಿಂದಿನವರನ್ನು ಮರೆಯದ ಜನ ನಾವೆಂದು ಇದನ್ನು ಕಂಡು ಸಂತೋಷಪಡಬೇಕಾದದ್ದೇ ಸರಿ. ಆದರೆ ಆ ಸಂತೋಷದ ನಡುವೆ ಒಂದು ಪ್ರಶ್ನೆಯನ್ನು ಕೇಳದೆ ಇರಲಾಗದು. ವೇಷವೇನೋ ಅವರದು, ಮಾತು ಯಾರದು?

ಮಾತು ಬರೆದವನದು ಎಂದು ನೀವು ಹೇಳುವಿರಿ. ನಿಜ, ಮತ್ತು ಅಷ್ಟರಿಂದಲೇ ಅದು ದೋಷವಾಗುವುದಿಲ್ಲ. ಇಬ್ಬರು ಹಿರಿಯರು ಏಕಾಂತದಲ್ಲಿ ಏನಾಡಿದರೆಂಬುದನ್ನು ಯಾವ ಶಾಸನವೂ ಕೆತ್ತಿಡುವುದಿಲ್ಲ. ಕವಿಯಾದವನು ಅದನ್ನು ಕಲ್ಪಿಸಲೇಬೇಕು. ದೋಷವಿರುವುದು ಬೇರೊಂದೆಡೆ. ಇಂದು ನಾವು ಕೇಳುವ ಇಂಥ ಸಂವಾದಗಳಲ್ಲಿ ಬಹುಪಾಲು ಮಹಾಪುರುಷರು ನಮಗೆ ಈಗಾಗಲೇ ಒಪ್ಪಿಗೆಯಾದದ್ದನ್ನೇ ಹೇಳುತ್ತಾರೆ. ಎದುರು ನಿಂತವನು ತೊದಲುತ್ತಾನೆ. ಬಿಜ್ಜಳನಿಗೆ ಮೀಸೆ ತಿರುವುವುದೊಂದೇ ಕೆಲಸ. ರಾಜ್ಯದ ಶಾಂತಿಯನ್ನು ಕಾಯಬೇಕಾದ ಅರಸನಿಗೂ ಒಂದು ನ್ಯಾಯವಾದ ಚಿಂತೆಯಿದ್ದೀತು, ತನ್ನ ಭಂಡಾರಿಯನ್ನು ಆತನು ಕೇಳಬಹುದಾದ ಒಂದು ಕಠಿಣ ಪ್ರಶ್ನೆಯಿದ್ದೀತು ಎಂಬುದು ಬರೆದವನ ಮನಸ್ಸಿಗೇ ಬಂದಿರುವುದಿಲ್ಲ. ಕೊನೆಗೆ ಚಪ್ಪಾಳೆ ಬೀಳುತ್ತದೆ. ನೋಡಲು ಬಂದವನು ಬಂದಂತೆಯೇ ಮನೆಗೆ ಹಿಂದಿರುಗುತ್ತಾನೆ. ಇದನ್ನು ಸಂವಾದವೆನ್ನುವುದು ಹೇಗೆ? ನಮ್ಮ ಅರ್ಜಿಗೆ ಸತ್ತವರ ಕೈಯಿಂದ ರುಜು ಹಾಕಿಸಿಕೊಳ್ಳುವ ಕೆಲಸವಿದು.

ಹೀಗೆಂದೊಡನೆ ಭಕ್ತಿವಂತರಾದ ಕೆಲವರು ಹೇಳಿಯಾರು: "ಆದುದರಿಂದಲೇ ಶರಣರ ಬಾಯಲ್ಲಿ ಅವರಾಡದ ಒಂದಕ್ಷರವನ್ನೂ ಇಡಕೂಡದು. ಕಲ್ಪಿತ ಸಂವಾದವೆಂಬುದೇ ಅಪಚಾರ." ಇತಿಹಾಸ ಓದಿದ ಕೆಲವರು ಬೇರೊಂದು ದಾರಿಯಿಂದ ಬಂದು ಅದೇ ಮಾತನ್ನು ಹೇಳಿಯಾರು: "ಆಧಾರವಿಲ್ಲದ ಮಾತು ಸುಳ್ಳು, ಸುಳ್ಳಿನಿಂದ ನೀತಿ ಕಲಿಯುವುದುಂಟೇ?" ಈ ಇಬ್ಬರಿಗೂ ನಮ್ಮ ಉತ್ತರ ಒಂದೇ. ನೀವು ನಿಂತ ನೆಲವನ್ನೇ ಒಮ್ಮೆ ನೋಡಿರಿ. ಕನ್ನಡದ ಅತ್ಯುನ್ನತವಾದ ಕಲ್ಪಿತ ಸಂವಾದವು ರೂಪುಗೊಂಡದ್ದು ವಿಜಯನಗರದ ಅರಸರ ಕಾಲದಲ್ಲಿ. ಅದರ ಹೆಸರು ಶೂನ್ಯಸಂಪಾದನೆ.

ಕಲ್ಯಾಣದ ಶರಣರು ಬಾಳಿದ್ದು 12ನೆಯ ಶತಮಾನದಲ್ಲಿ. ಅವರ ವಚನಗಳನ್ನು ಹುಡುಕಿ, ಕೂಡಿಸಿ, ಟೀಕೆ ಬರೆದು ಉಳಿಸಿದ ಮಹಾಕಾರ್ಯ ನಡೆದದ್ದು 15ನೆಯ ಶತಮಾನದಲ್ಲಿ, ಇಮ್ಮಡಿ ದೇವರಾಯನ ಆಶ್ರಯದಲ್ಲಿ, ನೂರೊಂದು ವಿರಕ್ತರೆಂದು ಪರಂಪರೆ ನೆನೆಯುವ ಆ ಸಮೂಹದ ಕಾಲದಲ್ಲಿ. ಚಾಮರಸನ ಪ್ರಭುಲಿಂಗಲೀಲೆ ಹುಟ್ಟಿದ್ದೂ ಆಗಲೇ. ಅದೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು, ಬೇರೆ ಬೇರೆ ಸಂದರ್ಭಗಳಲ್ಲಿ ಬೇರೆ ಬೇರೆ ಶರಣರು ನುಡಿದ ವಚನಗಳನ್ನು ಎದುರುಬದುರು ಇಟ್ಟು, ಒಂದನ್ನು ಪ್ರಶ್ನೆಯಾಗಿಯೂ ಇನ್ನೊಂದನ್ನು ಉತ್ತರವಾಗಿಯೂ ಜೋಡಿಸಿ, ನಡುವೆ ತನ್ನ ಗದ್ಯವನ್ನು ಹೆಣೆದು, ಅಲ್ಲಮಪ್ರಭುವನ್ನು ನಡುವೆ ನಿಲ್ಲಿಸಿ ಒಂದು ಮಹಾಗೋಷ್ಠಿಯನ್ನು ಕಟ್ಟಿದನು. ವಚನಗಳು ಶರಣರವು, ಅವುಗಳನ್ನು ಮುಖಾಮುಖಿಯಾಗಿಸಿದ ಆ ಸಭೆ ಸಂಪಾದಕನದು. ನಡುವೆ ಎರಡೂವರೆ ಶತಮಾನಗಳ ಅಂತರ.

ಹಾಗೆಂದು ಆ ಗ್ರಂಥದ ಗೌರವ ಕುಂದಿತೆಂದು ಯಾರೂ ಭಾವಿಸಬೇಕಾಗಿಲ್ಲ. ಮಹಾದೇವಯ್ಯನ ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರು ಸಿದ್ಧವೀರಣ್ಣೊಡೆಯ ಈ ಮೂವರೂ ಅದನ್ನು ತಮ್ಮ ತಮ್ಮ ತಿಳಿವಿಗೆ ತಕ್ಕಂತೆ ಪರಿಷ್ಕರಿಸಿದರು. ಸಿದ್ಧರಾಮನ ಇಷ್ಟಲಿಂಗ ದೀಕ್ಷೆಯಂಥ ಮುಖ್ಯ ವಿಷಯದಲ್ಲಿಯೇ ಪರಿಷ್ಕರಣಗಳ ನಡುವೆ ಭೇದವಿದೆ. ಒಬ್ಬನು ಕಟ್ಟಿದ ಸಭೆ ಸಾಲದೆಂದು ಕಂಡಾಗ ಇನ್ನೊಬ್ಬನು ಹಿಂದಿನವನನ್ನು ಸುಡಲಿಲ್ಲ. ತನ್ನ ಹೆಸರಿಟ್ಟು ತನ್ನದನ್ನು ಕಟ್ಟಿದನು. ಮುಂದೆ ಫ. ಗು. ಹಳಕಟ್ಟಿಯವರು 1930ರಲ್ಲಿ ಅದನ್ನು ಅಚ್ಚುಹಾಕಿಸಿದರು, 1958ರಲ್ಲಿ ಸಂ. ಶಿ. ಭೂಸನೂರಮಠ ಅವರ ಆವೃತ್ತಿ ಬಂದಿತು. 1965ರಿಂದ 1972ರವರೆಗೆ ಕರ್ನಾಟಕ ವಿಶ್ವವಿದ್ಯಾಲಯವು ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದಿತು. ಅಪಚಾರವಾಗಿದ್ದರೆ ಇಷ್ಟು ಜನ ಇಷ್ಟು ಕಾಲ ಅದನ್ನು ತಲೆಯ ಮೇಲಿಟ್ಟು ನಡೆಯುತ್ತಿರಲಿಲ್ಲ.

ಹಾಗಾದರೆ ಆ ಕಲ್ಪನೆಗೂ ಇಂದಿನ ವೇದಿಕೆಯ ಕಲ್ಪನೆಗೂ ಏನು ವ್ಯತ್ಯಾಸ? ಮೂರು ಪ್ರಸಂಗಗಳನ್ನು ನೆನಪಿಗೆ ತಂದುಕೊಳ್ಳಿರಿ.

ಮೊದಲನೆಯದು ಸೊನ್ನಲಿಗೆಯದು. ಸಿದ್ಧರಾಮನು ಕೆರೆ ತೋಡಿಸುತ್ತಿದ್ದಾನೆ. ಕೆರೆ ಕಟ್ಟಿಸುವುದಕ್ಕಿಂತ ಮಿಗಿಲಾದ ಪುಣ್ಯ ಯಾವುದಿದೆ? 1953ರಲ್ಲಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನ ನೆರಳಿನಲ್ಲಿ ಅನ್ನ ಉಣ್ಣುವ ಹೊಸಪೇಟೆಯವರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಆದರೆ ಅಲ್ಲಮನು ಅಲ್ಲಿಗೆ ಬಂದು ಹೊಗಳಲಿಲ್ಲ. ಸಿದ್ಧರಾಮನನ್ನು ಒಡ್ಡನೆಂದು ಕರೆದನು. ಕೆಲಸಗಾರರು ಸಿಟ್ಟಾಗಿ ಕಲ್ಲು ತೂರಿದರು. ಪ್ರಭುವಿನ ಪ್ರಶ್ನೆಯಿದ್ದದ್ದು ಕೆರೆಯ ಮೇಲಲ್ಲ, "ನಾನು ಕಟ್ಟಿಸಿದೆ" ಎಂಬ ನೆನಪಿನ ಮೇಲೆ. ಪುಣ್ಯಕಾರ್ಯ ಮಾಡುವವನನ್ನೇ ಹಿಡಿದು ನಿಲ್ಲಿಸುವ ಧೈರ್ಯ ಆ ಗ್ರಂಥಕ್ಕಿತ್ತು.

ಎರಡನೆಯದು ಆಯ್ದಕ್ಕಿ ಮಾರಯ್ಯನದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಹೆಂಡತಿ ಲಕ್ಕಮ್ಮನು ಅದನ್ನು ಒಳಗೆ ಸೇರಿಸಲಿಲ್ಲ. ಇದು ಕಾಯಕದ ಅಕ್ಕಿಯಲ್ಲ, ಆಸೆಯ ಅಕ್ಕಿ; ತೆಗೆದುಕೊಂಡ ಜಾಗದಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು. ಅಕ್ಕಿ ಕದ್ದದ್ದಲ್ಲ, ಬೇಡಿದ್ದಲ್ಲ, ದಾಸೋಹಕ್ಕೆಂದೇ ತಂದದ್ದು. ಆದರೂ ಹೆಚ್ಚಾಯಿತೆಂಬ ಒಂದೇ ಕಾರಣಕ್ಕೆ ಹಿಂದಿರುಗಿತು. ಇಲ್ಲಿ ಬುದ್ಧಿ ಹೇಳಿದವಳು ಹೆಂಡತಿ, ಕೇಳಿದವನು ಗಂಡ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅಲ್ಲಮನೂ ಸಿದ್ಧರಾಮನೂ ಕಲ್ಯಾಣಕ್ಕೆ ಬಂದು ಮಹಾಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಬಸವಣ್ಣನವರು ಒಳಗೆ ಪೂಜೆಯಲ್ಲಿದ್ದಾರೆ, ಎದ್ದು ಬರಲಿಲ್ಲ. ಜಂಗಮವು ಬಾಗಿಲಿಗೆ ಬಂದಿರುವಾಗ ಒಳಗೆ ಲಿಂಗಪೂಜೆ ನಡೆಸುವುದು ಯಾವ ಭಕ್ತಿ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ, ಪ್ರಭುವು ಮುನಿಯುತ್ತಾನೆ, ಚೆನ್ನಬಸವಣ್ಣನವರು ತಮ್ಮ ಸೋದರಮಾವನಿಗೇ ತಪ್ಪನ್ನು ತೋರಿಸಿಕೊಡುತ್ತಾರೆ. ವಾಚಕರೇ, ಯೋಚಿಸಿರಿ. ಬಸವಣ್ಣನವರನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪೂಜಿಸುತ್ತಿದ್ದ ವಿರಕ್ತರು, ಅವರನ್ನು ಅವರ ಮನೆಯ ಬಾಗಿಲಲ್ಲಿಯೇ ಪ್ರಶ್ನೆಗೆ ಒಡ್ಡಿದರು. ಇಂದು ಯಾವ ಶಾಲೆಯ ನಾಟಕದಲ್ಲಿ ಬಸವಣ್ಣನವರು ತಪ್ಪಿ ತಿದ್ದಿಕೊಳ್ಳುತ್ತಾರೆ?

ಇದೇ ಆ ವ್ಯತ್ಯಾಸ. ಬರೆದವನು ತಾನು ಪೂಜಿಸುವವನನ್ನೂ ಉತ್ತರ ಕೊಡಬೇಕಾದವನ ಜಾಗದಲ್ಲಿ ನಿಲ್ಲಿಸಿದಾಗ ಮಾತ್ರ ಕಲ್ಪಿತ ಸಂವಾದವು ನೀತಿಯ ಶೋಧವಾಗುತ್ತದೆ. ಇಲ್ಲವಾದರೆ ಅದು ಬರಿಯ ಉತ್ಸವಮೂರ್ತಿಯ ಮೆರವಣಿಗೆ. ಇದು ನಮ್ಮ ನಾಡಿನ ಮಾತು ಮಾತ್ರವಲ್ಲ. ಗ್ರೀಸಿನ ಪ್ಲೇಟೊ ತನ್ನ ಗುರು ಸಾಕ್ರೆಟೀಸನು ವಿಷ ಕುಡಿದು ಸತ್ತ ಮೇಲೆ ಆತನ ಸಂವಾದಗಳನ್ನು ಬರೆದನು. ಅವುಗಳಲ್ಲಿ ಒಂದರಲ್ಲಿ, ವೃದ್ಧನಾದ ಪಾರ್ಮೆನಿಡೀಸನ ಮುಂದೆ ತರುಣ ಸಾಕ್ರೆಟೀಸನು ಉತ್ತರ ಕಾಣದೆ ತಬ್ಬಿಬ್ಬಾಗುವುದನ್ನೂ ಬರೆದನು. ಗುರುವಿನ ಸೋಲನ್ನು ಶಿಷ್ಯನೇ ಕಲ್ಪಿಸಿ ಬರೆಯುವುದು ಗುರುದ್ರೋಹವಲ್ಲ. ಸತ್ಯವು ಗುರುವಿಗಿಂತಲೂ ದೊಡ್ಡದೆಂದು ಗುರುವಿನಿಂದಲೇ ಕಲಿತದ್ದರ ಗುರುತು.

ಇನ್ನು ನಮ್ಮ ಸೀಮೆಯ ಚರಿತ್ರೆಗೆ ಬರೋಣ. ಕಂಪ್ಲಿಯವರಿಗೆ ಕಂಪಿಲರಾಯನ ಹೆಸರು ಹೇಳಬೇಕಾಗಿಲ್ಲ. ಆತನ ಮೇಲೆ, ಆತನ ಮಗ ಕುಮಾರರಾಮನ ಮೇಲೆ ಎಷ್ಟು ಹಾಡು, ಎಷ್ಟು ಆಟ, ಎಷ್ಟು ಭಾಷಣ! 1327ರಲ್ಲಿ ದೆಹಲಿಯ ಮಹಮ್ಮದ್ ಬಿನ್ ತುಘಲಕನ ಸೈನ್ಯ ಬಂದು ಆ ರಾಜ್ಯವನ್ನು ಅಳಿಸಿತೆಂಬುದನ್ನು ಎಲ್ಲ ವೇದಿಕೆಗಳಲ್ಲಿಯೂ ಕೇಳಿದ್ದೀರಿ. ಆ ಸೈನ್ಯ ಏಕೆ ಬಂದಿತೆಂಬುದನ್ನು ಎಷ್ಟು ವೇದಿಕೆಗಳಲ್ಲಿ ಕೇಳಿದ್ದೀರಿ?

ಸಗರದಲ್ಲಿ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಶಾಸ್ಪನೆಂಬವನು ಸುಲ್ತಾನನ ಹತ್ತಿರದ ಬಂಧು. ಆತನು ಸುಲ್ತಾನನ ಮೇಲೆ ದಂಗೆಯೆದ್ದು, ಸೋತು, ಓಡಿಬಂದು ಕಂಪಿಲನ ಮರೆಹೊಕ್ಕನು. ಕಂಪಿಲನು ಅವನನ್ನು ಒಪ್ಪಿಸಲಿಲ್ಲ. ಕೋಟೆ ಉಳಿಯುವುದಿಲ್ಲವೆಂದು ಕಂಡಾಗ ಮರೆಹೊಕ್ಕವನನ್ನು ಇನ್ನೊಬ್ಬ ಅರಸನ ಬಳಿಗೆ ಕಳುಹಿಸಿಕೊಟ್ಟು, ತಾನು ಕಾದಿ ಮಡಿದನು. ಅಂತಃಪುರದ ಹೆಂಗಸರು ಅಗ್ನಿಪ್ರವೇಶ ಮಾಡಿದರು. ಇದನ್ನು ಬರೆದಿಟ್ಟವನು ಕನ್ನಡದ ಕವಿಯಲ್ಲ, ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ. ಗುರ್ಶಾಸ್ಪನು ಹೋಗಿ ಸೇರಿದ ಆ ಇನ್ನೊಬ್ಬ ಅರಸನನ್ನು ಇತಿಹಾಸಕಾರರು ಹೊಯ್ಸಳ ಮುಮ್ಮಡಿ ಬಲ್ಲಾಳನೆಂದು ಗುರುತಿಸುತ್ತಾರೆ. ಬಲ್ಲಾಳನು ಅವನನ್ನು ಸುಲ್ತಾನನ ಕಡೆಯವರಿಗೆ ಒಪ್ಪಿಸಿದನು. ಗುರ್ಶಾಸ್ಪನಿಗೆ ಘೋರ ಮರಣ ಪ್ರಾಪ್ತವಾಯಿತು. ಸುಮಾರು ಹದಿನೈದು ವರ್ಷಗಳ ಮೇಲೆ ಬಲ್ಲಾಳನೇ ಮಧುರೆಯ ಸುಲ್ತಾನನ ಕೈಗೆ ಸೆರೆಸಿಕ್ಕನು. ಬಿಡುಗಡೆಯ ಆಸೆ ತೋರಿಸಿ ಆತನ ಸಂಪತ್ತನ್ನೆಲ್ಲ ಕಸಿದುಕೊಂಡು, ಆಮೇಲೆ ಕೊಂದರು.

ಮತಕ್ಕೆ ಮತ ಎದುರಾದ ಕಥೆಯಾಗಿ ಇದನ್ನು ಹೇಳುವವರು, ಪರಮತದ ಒಬ್ಬ ಆಶ್ರಿತನಿಗಾಗಿ ಕಂಪಿಲನು ಮನೆಮಾರು ಕಳೆದುಕೊಂಡನೆಂಬ ಮುಖ್ಯ ಸಂಗತಿಯನ್ನೇ ಕಥೆಯಿಂದ ಹೊರಗಟ್ಟುತ್ತಾರೆ. ವೀರನ ಮೀಸೆಯನ್ನು ಉಳಿಸಿಕೊಂಡು ವೀರನ ಧರ್ಮವನ್ನು ಕೈಬಿಟ್ಟಂತಾಯಿತು. ಇದು ಕಂಪಿಲನಿಗೆ ಮಾಡಿದ ಗೌರವವಲ್ಲ, ಅನ್ಯಾಯ. ಆದರೆ ಇದಕ್ಕೆ ಪ್ರತಿಯಾಗಿ ಕಂಪಿಲನನ್ನು ದೇವರಾಗಿಸಿ ಬಲ್ಲಾಳನನ್ನು ಹೇಡಿಯಾಗಿಸಿದರೆ ನಾವೂ ಅದೇ ತಪ್ಪನ್ನು ಮಾಡಿದಂತೆ. ಜೀವಿತದಲ್ಲಿ ಹಗೆಗಳಾಗಿದ್ದ ಈ ಇಬ್ಬರೂ ಮರಣಾನಂತರ ತುಂಗಭದ್ರೆಯ ದಡದಲ್ಲಿ ಕುಳಿತರೆಂದು ಭಾವಿಸಿರಿ. ಮುಂದಿನದು ಕೇವಲ ನಮ್ಮ ಕಲ್ಪನೆ, ಅದನ್ನು ಮರೆಯಬೇಡಿರಿ.

ಬಲ್ಲಾಳ: ಕಂಪಿಲರಾಯರೇ, ನಿಮ್ಮ ಹೆಸರು ಉಳಿಯಿತು. ಆ ಹೆಸರಿಗೆ ಬೆಲೆ ತೆತ್ತವರ ಲೆಕ್ಕವನ್ನು ಯಾರಾದರೂ ಬರೆದರೇ? ಬಾಗಿಲಿಗೆ ಬಂದವನು ಒಬ್ಬ.

ಕಂಪಿಲ: ಒಬ್ಬನೇ, ನಿಜ. ಎಷ್ಟು ಮಂದಿ ಬಂದಿದ್ದರೆ ಕಾಯಬಹುದಾಗಿತ್ತು, ನೀವೇ ಹೇಳಿ.

ಬಲ್ಲಾಳ: ದೋರಸಮುದ್ರವು ಒಮ್ಮೆ ದೆಹಲಿಯ ದಂಡಿಗೆ ಸಿಕ್ಕಿದ್ದನ್ನು ಕಣ್ಣಾರೆ ಕಂಡವನು ನಾನು. ಮಗನನ್ನು ದೆಹಲಿಗೆ ಕಳುಹಿಸಿ ಅವನ ದಾರಿ ಕಾದವನು ನಾನು. ಆ ಬೆಂಕಿಯನ್ನು ಮತ್ತೆ ಪ್ರಜೆಗಳ ಮೇಲೆ ಕರೆಯುವ ಹಕ್ಕು ನನಗಿತ್ತೇ? ಆತನು ನನ್ನ ಪ್ರಜೆಯಲ್ಲ, ನಾನು ಕರೆದವನೂ ಅಲ್ಲ. ನನ್ನ ಬಾಗಿಲಿಗೆ ಅವನನ್ನು ಕಳುಹಿಸಿದವರು ನೀವು.

ಕಂಪಿಲ: ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ನನ್ನ ಹೊರೆಯನ್ನು ನಿಮ್ಮನ್ನು ಕೇಳದೆ ನಿಮ್ಮ ಹೆಗಲಿಗೆ ಏರಿಸಿದೆ.

ಬಲ್ಲಾಳ: ನಿಮ್ಮ ಮನೆಯ ಹೆಂಗಸರನ್ನಾದರೂ ಕೇಳಿದ್ದಿರಾ?

ಕಂಪಿಲ: ಕೋಟೆ ಬೀಳುವ ದಿನ ಕೇಳಿದೆ. ಆಶ್ರಯ ಕೊಟ್ಟ ದಿನ ಕೇಳಲಿಲ್ಲ. ಅಂದೇ ಕೇಳಬೇಕಾಗಿತ್ತು. ಆದರೂ ಬಲ್ಲಾಳರಾಯರೇ, ಅಭಯವೆಂದು ಕೈಯೆತ್ತಿದ ಮೇಲೆ ಅದೇ ಕೈಯಿಂದ ಅವನನ್ನು ಹಿಡಿದುಕೊಡುವುದು ನನ್ನಿಂದಾಗದು. ಆ ರಾತ್ರಿ ನಿಮಗೆ ನಿದ್ರೆ ಬಂದಿತೇ?

ಬಲ್ಲಾಳ: ಬಂದಿತು. ಮಕ್ಕಳು ಮನೆಯಲ್ಲಿದ್ದರು, ನಾನೂ ಮಲಗಿದೆ. ನಿದ್ರೆ ಕೆಟ್ಟದ್ದು ಬಹಳ ವರ್ಷಗಳ ಮೇಲೆ, ಮಧುರೆಯವನ ಸೆರೆಯಲ್ಲಿ, ಬಿಡುವೆನೆಂದವನು ಬಿಡಲಿಲ್ಲವೆಂದು ತಿಳಿದ ದಿನ. ಅಂದು ಗುರ್ಶಾಸ್ಪನ ಮುಖ ಕಣ್ಣಿಗೆ ಕಟ್ಟಿತು. ಹಾಗಿದ್ದರೂ ನಾನು ಮಾಡಿದ್ದು ತಪ್ಪೆಂದು ಈಗಲೂ ಹೇಳಲಾರೆ. ಅಂದು ಬದುಕಿ ಉಳಿದವರನ್ನು ಕೇಳಿರಿ.

ಕಂಪಿಲ: ಕೇಳಬೇಕಾದವರಲ್ಲಿ ಅವನೂ ಒಬ್ಬನಿದ್ದನು.

ವಾಚಕರೇ, ನಮ್ಮ ಮನಸ್ಸು ಕಂಪಿಲನ ಕಡೆಗೇ ವಾಲುತ್ತದೆಂದು ಮುಚ್ಚಿಡದೆ ಹೇಳುತ್ತೇವೆ. ಮರೆಹೊಕ್ಕವನನ್ನು ಕಾಯುವುದು ದೊಡ್ಡ ಧರ್ಮ. ಆದರೆ ಬಲ್ಲಾಳನ ಬಾಯಿಗೆ ಬಲವಾದ ಮಾತನ್ನು ಕೊಟ್ಟ ಮೇಲೆಯೇ, ಆ ಧರ್ಮವು ಎಷ್ಟು ದುಬಾರಿಯೆಂದೂ, ಅದರ ಬೆಲೆಯನ್ನು ತೆತ್ತವರು ಆ ನಿರ್ಣಯ ಮಾಡಿದವರಲ್ಲವೆಂದೂ ನಮಗೆ ಕಂಡದ್ದು. ಮೊದಲೇ ಬಲ್ಲಾಳನನ್ನು ಹೇಡಿಯೆಂದು ಬರೆದಿದ್ದರೆ ಇದು ಕಾಣುತ್ತಿರಲಿಲ್ಲ. ಎದುರಾಳಿಯ ಬಾಯಿ ಕಟ್ಟಿದವನು ತನ್ನ ಕಣ್ಣನ್ನೂ ಕಟ್ಟಿಕೊಳ್ಳುತ್ತಾನೆ.

ಇಷ್ಟಕ್ಕೆ ನಿಲ್ಲಿಸಿದರೆ ಈ ಲೇಖನವೂ ಒಂದು ಮೆರವಣಿಗೆಯಾದೀತು. ಕಂಪಿಲ ಬಲ್ಲಾಳರ ತೊಡಕು ಅವರದು. ನಮ್ಮ ತೊಡಕಿನ ಹೆಸರು ಸಂಡೂರಿನ ಬೆಟ್ಟ. ಈ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆ ಏರಿದಾಗ ಆ ಬೆಟ್ಟಗಳಿಗೆ ಏನಾಯಿತು, ಹೊಸಪೇಟೆಯ ರಸ್ತೆಗಳಲ್ಲಿ ಎಷ್ಟು ಲಾರಿ ಹರಿದವು, ರಸ್ತೆಯಂಚಿನ ಬೆಳೆಯ ಮೇಲೆ ಎಂಥ ಕೆಂಪು ಧೂಳು ಕುಳಿತಿತೆಂಬುದನ್ನು ನೀವು ಕಂಡವರೇ. ಲೋಕಾಯುಕ್ತದ ವರದಿಗಳು 2008ರಲ್ಲಿಯೂ 2011ರಲ್ಲಿಯೂ ಬಂದವು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. 2013ರಲ್ಲಿ ಗಣಿಗಳನ್ನು ವರ್ಗ ಮಾಡಿ, ಮಿತಿಮೀರಿದವುಗಳ ಗುತ್ತಿಗೆಯನ್ನು ರದ್ದುಪಡಿಸಿ, ಉಳಿದವುಗಳಿಗೆ ಕಟ್ಟುಪಾಡಿನೊಡನೆ ಅನುಮತಿ ಕೊಟ್ಟಿತು. ನ್ಯಾಯಾಲಯವು ತನ್ನ ಮಾತನ್ನು ಹೇಳಿತು. ಲಕ್ಕಮ್ಮನ ಮಾತು ಮುಗಿದಿದೆಯೇ?

ಆಕೆಯನ್ನು ಸಂಡೂರಿನ ದಾರಿಯಲ್ಲಿ ತಂದು ನಿಲ್ಲಿಸಿರಿ. ಆದರೆ ಒಂದು ಎಚ್ಚರಿಕೆ. ಗಣಿಯ ಧಣಿಯನ್ನು ಮಾತ್ರ ಆಕೆಯ ಮುಂದೆ ತಲೆತಗ್ಗಿಸಿ ನಿಲ್ಲಿಸಬೇಡಿರಿ, ಅದು ಸುಲಭ. 2011ರಲ್ಲಿ ಗಣಿ ನಿಂತಾಗ ಸಾಲ ಮಾಡಿ ಕೊಂಡ ಲಾರಿಯನ್ನು ಮನೆಯ ಮುಂದೆ ನಿಲ್ಲಿಸಿ ಕಂತು ಕಟ್ಟಲಾಗದೆ ಕುಳಿತವನನ್ನು ಕರೆತನ್ನಿರಿ. "ತಾಯೀ, ಗಣಿ ನಿಂತಾಗ ನನ್ನ ಒಲೆಯೂ ನಿಂತಿತು. ನನ್ನದು ಆಸೆಯೋ ಕಾಯಕವೋ?" ಎಂದು ಅವನು ಕೇಳಲಿ. ಅದಕ್ಕೆ ಲಕ್ಕಮ್ಮನೂ ತಡವರಿಸಿ ಉತ್ತರ ಹುಡುಕಲಿ. ಅಕ್ಕಿಯನ್ನು ಹೋಗಿ ಸುರಿದು ಬರಬಹುದು. ಕರಗಿಸಿದ ಬೆಟ್ಟವನ್ನು ಎಲ್ಲಿ ಸುರಿದು ಬರುವುದು?

ಆಕೆಯ ಪ್ರಶ್ನೆ ಅಲ್ಲಿಂದ ಮುಂದಕ್ಕೂ ನಡೆಯಲಿ. ಆ ದಿನಗಳಲ್ಲಿ ಯಾರ ಕೈಯಿಂದ ಯಾವ ಕಾಣಿಕೆ ಬಂದಿತು, ಅದು ಕಾಯಕದ್ದೋ ಆಸೆಯದ್ದೋ ಎಂದು ದೇವಸ್ಥಾನದ ಸಮಿತಿಯವರು ಕೇಳಿದರೇ? ಜಾತ್ರೆಯ ಸಮಿತಿಯವರು, ಶಾಲೆ ಕಟ್ಟಿಸಿದವರು, ಮಠದ ಭಕ್ತರಾದ ನಾವು ಕೇಳಿದೆವೇ? ದಾಸೋಹಕ್ಕೆಂದು ತಂದ ಅಕ್ಕಿಯನ್ನೇ ಲಕ್ಕಮ್ಮನು ಹಿಂದಿರುಗಿಸಿದಳು. ದಾಸೋಹಕ್ಕೆಂದು ಬಂದದ್ದೆಲ್ಲ ಶುದ್ಧವೆಂಬ ಸಮಾಧಾನ ನಮ್ಮದು, ಆಕೆಯದಲ್ಲ. ಈ ಮಾತು ಕೆಲವರಿಗೆ ಕಹಿಯಾದೀತು. ಬರೆಯುವವರಿಗೂ ಅದು ಸಿಹಿಯಾಗಿಲ್ಲ.

ಆದುದರಿಂದ ನಾಟಕ ಬರೆಯುವ ಉಪಾಧ್ಯಾಯರಲ್ಲಿ, ವೇದಿಕೆ ಏರುವ ವಾಗ್ಮಿಗಳಲ್ಲಿ, ಉತ್ಸವ ನಡೆಸುವ ಸಮಿತಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮಹಾಪುರುಷರನ್ನು ಮಾತನಾಡಿಸಿರಿ, ಧಾರಾಳವಾಗಿ ಮಾತನಾಡಿಸಿರಿ. ಆದರೆ ಅದು ಕಲ್ಪನೆಯೆಂದು ಮೊದಲೇ ಹೇಳಿರಿ. ನಿಮ್ಮ ವಾಕ್ಯವನ್ನು ಅವರ ಅಂಕಿತದ ಕೆಳಗೆ ಇಡಬೇಡಿರಿ. ಎದುರಾಳಿಗೆ ನಿಮ್ಮಿಂದಾದಷ್ಟು ಬಲವಾದ ಮಾತನ್ನೇ ಕೊಡಿರಿ. ಕೊನೆಯದಾಗಿ, ಆ ಪ್ರಶ್ನೆ ನಿಮಗೂ ತಾಗುತ್ತದೆಯೇ ಎಂದು ನೋಡಿಕೊಳ್ಳಿರಿ. ತಾಗದಿದ್ದರೆ ಹಾಳೆಯನ್ನು ಹರಿದು ಹೊಸದಾಗಿ ಬರೆಯಿರಿ.

ಮತ್ತು ನೋಡುವ ನಿಮ್ಮಲ್ಲಿಯೂ ಒಂದು ಮಾತು. ಮುಂದಿನ ಬಾರಿ ಬಸವಣ್ಣನವರ ವೇಷದ ಹುಡುಗನು ಮಾತು ಮುಗಿಸಿದಾಗ ಕೂಡಲೇ ಚಪ್ಪಾಳೆ ತಟ್ಟಬೇಡಿರಿ. ಆತನು ಹೇಳಿದ್ದು ನಿಮಗೆ ಪೂರ್ತಿಯಾಗಿ ಹಿತವಾಯಿತೇ ಎಂದು ಕ್ಷಣಕಾಲ ಯೋಚಿಸಿರಿ. ಪೂರ್ತಿಯಾಗಿ ಹಿತವಾಗಿದ್ದರೆ, ಆ ಮಾತು ಬಸವಣ್ಣನವರದಾಗಿರಲಾರದು.